ಜೋಳದ ಪಾಳಿಯಿಂದ ಕನಿಷ್ಠ ಕೂಲಿಗೆ

(ಬಾನುಲಿ ಭಾಷಣ)

ಹಳಗನ್ನಡವನ್ನು ಓದಿದವರಿಗೆ ‘ಜೋಳದ ಪಾಳಿ’ ಎಂಬ ಮಾತು ಅಪರಿಚಿತವಲ್ಲ. ಒಡೆಯನ ಮನೆಯ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ತೀರಿಸಬೇಕು, ಸಮಯ ಬಂದರೆ ಪ್ರಾಣವನ್ನು ಕೊಟ್ಟಾದರೂ ತೀರಿಸಬೇಕು ಎಂಬುದು ಆ ಮಾತಿನ ಹಿಂದಿರುವ ಧರ್ಮ. ಪಂಪನ ಕರ್ಣನನ್ನು ದುರ್ಯೋಧನನ ಪಕ್ಷಕ್ಕೆ ಬಿಗಿದು ಕಟ್ಟಿದ್ದು ಈ ಬಗೆಯ ಋಣಭಾವವೇ. ನಮ್ಮ ನಾಡಿನ ಊರುಗಳಲ್ಲಿ, ಹೊಲಗಳ ಅಂಚಿನಲ್ಲಿ ನಿಂತಿರುವ ಎಷ್ಟೋ ವೀರಗಲ್ಲುಗಳು ಇದೇ ಧರ್ಮಕ್ಕೆ ಸಾಕ್ಷಿಯಾಗಿವೆ. ಆ ನಿಷ್ಠೆಯ ಮುಂದೆ ನಾವು ತಲೆಬಾಗುತ್ತೇವೆ. ತಲೆಬಾಗುವುದು ಉಚಿತವೂ ಹೌದು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಆ ಕಲ್ಲುಗಳು ಕೇಳುವುದಿಲ್ಲ. ಉಂಡವನು ಒಡೆಯನಿಗೆ ಋಣಿ ಎಂಬುದು ಸರಿ. ದುಡಿಸಿಕೊಂಡ ಒಡೆಯನು ದುಡಿದವನಿಗೆ ಋಣಿಯಲ್ಲವೆ? ಋಣಿಯಾದರೆ ಆ ಋಣದ ಅಳತೆ ಎಷ್ಟು?

ಕನಿಷ್ಠ ಕೂಲಿಯ ಶಾಸನವೆಂದು ನಾವು ಇಂದು ಕರೆಯುವುದು ಈ ಪ್ರಶ್ನೆಗೆ ಲೋಕವು ಕಳೆದ ನೂರು, ನೂರಿಪ್ಪತ್ತೈದು ವರ್ಷಗಳಲ್ಲಿ ಕಂಡುಕೊಳ್ಳಲು ಯತ್ನಿಸಿದ ಉತ್ತರ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಅಂಕಿ ಅಂಶಗಳ ಹೆದ್ದಾರಿಯನ್ನು ಬಿಟ್ಟು ಮಾತುಗಳ ಕಾಲುದಾರಿಯಿಂದ ಈ ವಿಷಯವನ್ನು ಪ್ರವೇಶಿಸುತ್ತೇನೆ.

ದುಡಿಮೆಯ ಪ್ರತಿಫಲಕ್ಕೆ ನಮ್ಮಲ್ಲಿರುವ ಹೆಸರುಗಳನ್ನು ನೋಡಿ. ‘ಸಂಬಳ’ ಎಂಬುದು ಮೂಲತಃ ದಾರಿಯ ಬುತ್ತಿ. ಪ್ರಯಾಣ ಮುಗಿಯುವವರೆಗೆ ಜೀವ ಹಿಡಿಯಲು ಬೇಕಾದಷ್ಟು ಆಹಾರ. ‘ಜೀತ’ವೆಂಬುದು ‘ಜೀವಿತ’ದಿಂದ ಬಂದದ್ದು, ಬದುಕುವುದಕ್ಕಾಗಿ ಕೊಟ್ಟದ್ದು ಜೀತ. ಎರಡು ಪದಗಳ ಹುಟ್ಟಿನಲ್ಲಿಯೂ ಬದುಕಿನ ಅಗತ್ಯದ ಅರಿವು ಇದೆ. ಆದರೆ ಕಾಲಕ್ರಮದಲ್ಲಿ ಏನಾಯಿತು? ಜೀವಿತಕ್ಕಾಗಿ ಕೊಟ್ಟ ಜೀತವು ಜೀವಿತವನ್ನೇ ಒತ್ತೆಯಿಟ್ಟುಕೊಳ್ಳುವ ಪದ್ಧತಿಯ ಹೆಸರಾಯಿತು. ‘ಕೂಲಿ’ ಎಂಬ ಮಾತು ಕೆಲಸದ ಬೆಲೆಯನ್ನೂ ಹೇಳುತ್ತದೆ, ಕೆಲಸ ಮಾಡುವ ಮನುಷ್ಯನನ್ನೂ ಹೇಳುತ್ತದೆ. ಬೆಲೆಗೂ ಮನುಷ್ಯನಿಗೂ ನಡುವಣ ಅಂತರ ಅಳಿಸಿಹೋಗಿರುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಶರಣರ ಕಾಲದ ಒಂದು ಪ್ರಸಂಗ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯುವ ಕಾಯಕ ಮಾಡುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬನ್ನಿರೆಂದು ಲಕ್ಕಮ್ಮ ಕಳುಹಿಸಿದಳೆಂಬುದು ಪ್ರಸಿದ್ಧವಾದ ಕಥೆ. ದುಡಿಯುವವಳು ತನ್ನ ಆಸೆಗೆ ತಾನೇ ಎಳೆದುಕೊಂಡ ಮೇಲಿನ ಗೆರೆ ಅದು. ಆ ಗೆರೆ ಉದಾತ್ತವಾದದ್ದು, ಏಕೆಂದರೆ ಅದನ್ನು ಎಳೆದವಳು ಲಕ್ಕಮ್ಮನೇ. ಅದೇ ಗೆರೆಯನ್ನು ದುಡಿಸಿಕೊಳ್ಳುವವನು ಎಳೆದು ‘ನಿನಗೆ ಇಷ್ಟು ಸಾಕು’ ಎಂದರೆ ಅದು ಸಂತೃಪ್ತಿಯ ಪಾಠವಾಗುವುದಿಲ್ಲ, ಶೋಷಣೆಯಾಗುತ್ತದೆ. ಇದರಿಂದಲೇ ಕೆಳಗಿನ ಗೆರೆಯೊಂದು ಬೇಕಾಯಿತು. ಅದನ್ನು ಎಳೆಯುವ ಕೆಲಸ ಇಬ್ಬರನ್ನೂ ಬಿಟ್ಟು ಸಮಾಜದ ಪಾಲಿಗೆ, ಎಂದರೆ ಸರ್ಕಾರದ ಪಾಲಿಗೆ, ಬಂದಿತು.

ಆ ಕೆಳಗೆರೆಯನ್ನು ಕಾಯಿದೆಯ ಮೂಲಕ ಎಳೆಯಲು ಮೊದಲು ಹೊರಟದ್ದು ಭೂಮಿಯ ದಕ್ಷಿಣದ ತುದಿಯ ನಾಡುಗಳು: 1894ರಲ್ಲಿ ನ್ಯೂಜಿಲೆಂಡ್, 1896ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ. ಇಂಗ್ಲೆಂಡಿನಲ್ಲಿ ಇಂಥ ಕಾಯಿದೆ ಬಂದದ್ದು 1909ರಲ್ಲಿ. ಅದು ಮೊದಲು ಅನ್ವಯವಾದ ನಾಲ್ಕು ಕಸಬುಗಳಲ್ಲಿ ಸರಪಳಿ ಮಾಡುವ ಕಸಬೂ ಒಂದು. ಕ್ರಾಡ್ಲಿ ಹೀತ್ ಎಂಬ ಊರಿನಲ್ಲಿ ಹೆಂಗಸರು ತಮ್ಮ ಮನೆಯ ಹಿತ್ತಲ ಕುಲುಮೆಗಳಲ್ಲಿ ಕಬ್ಬಿಣ ಕಾಯಿಸಿ, ಸುತ್ತಿಗೆಯಿಂದ ಬಡಿದು ಸರಪಳಿಯ ಕೊಂಡಿಗಳನ್ನು ಮಾಡುತ್ತಿದ್ದರು. ವಾರವೆಲ್ಲ ಬಡಿದರೂ ಅವರಿಗೆ ದೊರೆಯುತ್ತಿದ್ದುದು ಐದಾರು ಷಿಲಿಂಗ್. ಹೊಸ ಮಂಡಳಿ ಗಂಟೆಗೆ ಎರಡೂವರೆ ಪೆನ್ನಿಯ ದರವನ್ನು ಗೊತ್ತುಪಡಿಸಿತು. ಎಂದರೆ ವಾರಕ್ಕೆ ಸುಮಾರು ಹನ್ನೊಂದು ಷಿಲಿಂಗ್, ಹೆಚ್ಚುಕಡಿಮೆ ಇಮ್ಮಡಿ.

ಕಾಯಿದೆಯಾಯಿತು, ದರವೂ ಗೊತ್ತಾಯಿತು. ಆದರೆ ಮಾಲೀಕರು, ಹಳೆಯ ದರಕ್ಕೇ ಆರು ತಿಂಗಳು ದುಡಿಯಲು ನಾವು ಒಪ್ಪಿದ್ದೇವೆ ಎಂಬರ್ಥದ ಪತ್ರಗಳಿಗೆ ಆ ಹೆಂಗಸರಿಂದ ರುಜು ಹಾಕಿಸಿಕೊಳ್ಳತೊಡಗಿದರು. ಓದುಬರಹ ಬಾರದ ಎಷ್ಟೋ ಮಂದಿ ತಾವು ಯಾವುದಕ್ಕೆ ಗುರುತು ಹಾಕುತ್ತಿದ್ದೇವೆಂದೇ ಅರಿಯದೆ ಹಾಕಿದರು. ಆಗ ಮೇರಿ ಮೆಕಾರ್ಥರ್ ಎಂಬ ಕಾರ್ಮಿಕ ನಾಯಕಿಯ ನೇತೃತ್ವದಲ್ಲಿ 1910ರಲ್ಲಿ ಅವರು ಹತ್ತು ವಾರಗಳ ಕಾಲ ಕೆಲಸ ನಿಲ್ಲಿಸಿದರು. ನಾಡಿನ ನಾನಾ ಕಡೆಗಳಿಂದ ಹಣ ಹರಿದುಬಂದಿತು. ಕೊನೆಗೆ ಮಾಲೀಕರು ಮಣಿದರು. ಮಿಕ್ಕ ಹಣದಲ್ಲಿ ಆ ಊರಿನಲ್ಲಿ ಕಾರ್ಮಿಕರಿಗಾಗಿ ಒಂದು ಭವನವೂ ಎದ್ದಿತು. ಕಾಗದದ ಮೇಲಿನ ದರವು ತಾನಾಗಿಯೇ ನಡೆದುಕೊಂಡು ಬಂದು ಕಾರ್ಮಿಕನ ಕೈಸೇರುವುದಿಲ್ಲ ಎಂಬ ಪಾಠವನ್ನು ಈ ಕಾಯಿದೆ ತನ್ನ ಮೊದಲ ವರ್ಷದಲ್ಲಿಯೇ ಕಲಿಸಿತು.

ಈಗ ನಮ್ಮ ದೇಶಕ್ಕೆ ಬರೋಣ. 1929ರಲ್ಲಿ ನೇಮಕವಾದ ಕಾರ್ಮಿಕರ ರಾಯಲ್ ಆಯೋಗ 1931ರಲ್ಲಿ ವರದಿ ಒಪ್ಪಿಸಿತು. ತಂದೆತಾಯಿಗಳು ಪಡೆದ ಮುಂಗಡಕ್ಕೆ ಎಳೆಯ ಮಕ್ಕಳ ದುಡಿಮೆಯನ್ನು ಅಡವಿಡುವ ಪದ್ಧತಿಯನ್ನು ಅದು ಕಂಡಿತ್ತು. ಬೀಡಿಯ ಕಸಬಿನಲ್ಲಿ ಮಕ್ಕಳು ಪಡುತ್ತಿದ್ದ ಪಾಡನ್ನೂ ಕಂಡಿತ್ತು. ಇದರ ಫಲವಾಗಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಕಾಯಿದೆ 1933ರಲ್ಲಿ ಬಂದಿತು. ಸಾಹಿತ್ಯಾಸಕ್ತರಿಗೆ ಆ ವರ್ಷ ಇನ್ನೊಂದು ಕಾರಣಕ್ಕೆ ನೆನಪಿರುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು ಆ ವರ್ಷವೇ. ಚೋಮನ ಮಕ್ಕಳು ಸಾಲ ತೀರಿಸಲೆಂದು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ; ದುಡಿದರೂ ಸಾಲ ತೀರುವುದಿಲ್ಲ. ದಿಲ್ಲಿಯ ಶಾಸನಕಾರರಿಗೂ ಪುತ್ತೂರಿನ ಕಾದಂಬರಿಕಾರನಿಗೂ ಏನೇನೂ ಸಂಬಂಧವಿಲ್ಲ. ಆದರೂ ಒಂದೇ ಗಾಯವನ್ನು ಇಬ್ಬರೂ ಒಂದೇ ಕಾಲದಲ್ಲಿ ಮುಟ್ಟಿದ್ದರು.

ಕನಿಷ್ಠ ಕೂಲಿಯ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಮಂಡಿಸಿದವರು ಆಗ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ಹೊತ್ತಿದ್ದ ಡಾ. ಬಿ. ಆರ್. ಅಂಬೇಡ್ಕರ್. ಅದು ಕಾಯಿದೆಯಾಗಿ ಜಾರಿಗೆ ಬಂದದ್ದು 1948ರ ಮಾರ್ಚ್ 15ರಂದು. ಬೀಡಿ, ಅಕ್ಕಿ ಗಿರಣಿ, ಎಣ್ಣೆ ಗಿರಣಿ, ತೋಟ, ಕಲ್ಲು ಒಡೆಯುವುದು, ರಸ್ತೆ ಮತ್ತು ಕಟ್ಟಡದ ಕೆಲಸ, ಚರ್ಮ ಹದ ಮಾಡುವುದು ಮುಂತಾದವು ಅದರ ಪಟ್ಟಿಯ ಮೊದಲ ಭಾಗದಲ್ಲಿದ್ದವು. ಎರಡನೆಯ ಭಾಗದಲ್ಲಿ ಬೇಸಾಯವಿತ್ತು. ಸಂಘಕಟ್ಟಿ ಹೋರಾಡುವ ಬಲವಿಲ್ಲದವರು ಯಾರೋ ಅವರಿಗಾಗಿಯೇ ಈ ಕಾಯಿದೆ. ಅಲ್ಲಿ ಗೊತ್ತುಪಡಿಸಿದ ದರಗಳನ್ನು ಐದು ವರ್ಷ ಮೀರದಂತೆ ಪರಿಶೀಲಿಸಬೇಕೆಂಬ ನಿಯಮವೂ ಇತ್ತು. ಆದರೆ ದರಗಳನ್ನು ಮೊದಲ ಬಾರಿಗೆ ಗೊತ್ತುಪಡಿಸುವ ಗಡುವನ್ನೇ ಸರ್ಕಾರಗಳು ಮತ್ತೆ ಮತ್ತೆ ಮುಂದೂಡಿಸಿಕೊಂಡವು. ಹೊಲದಲ್ಲಿ ದುಡಿಯುವವನಂತೂ ಬಹುಕಾಲ ಕಾಯಬೇಕಾಯಿತು. ಅವನ ಕೂಲಿಯನ್ನು ಸೇರಿನಲ್ಲಿ, ಬಳ್ಳದಲ್ಲಿ ಅಳೆಯುತ್ತಿದ್ದ ಕೈ ಯಾರದೋ ಆ ಕೈಯವರ ಮಾತೇ ಶಾಸನಸಭೆಗಳಲ್ಲಿಯೂ ನಡೆಯುತ್ತಿತ್ತು.

ಕನಿಷ್ಠವೆಂದರೆ ಎಷ್ಟು? ವಿಚಿತ್ರವೆಂದರೆ ಆ ಕಾಯಿದೆ ಇದನ್ನು ಹೇಳಿರಲಿಲ್ಲ. ನ್ಯಾಯವಾದ ಕೂಲಿಯನ್ನು ಕುರಿತ ಸಮಿತಿ 1949ರಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿತು: ಕನಿಷ್ಠ ಕೂಲಿ, ನ್ಯಾಯವಾದ ಕೂಲಿ, ಜೀವನಯೋಗ್ಯ ಕೂಲಿ. ಕನಿಷ್ಠವೆಂದರೆ ಉಸಿರು ಹಿಡಿಯುವುದಕ್ಕೆ ಸಾಲುವಷ್ಟು ಮಾತ್ರವಲ್ಲ. ಅದರಲ್ಲಿ ಒಂದಿಷ್ಟು ವಿದ್ಯೆಗೆ, ಔಷಧಕ್ಕೆ, ಸಾಮಾನ್ಯ ಸೌಕರ್ಯಗಳಿಗೆ ಎಡೆಯಿರಬೇಕು ಎಂದಿತು. 1957ರ ಜುಲೈಯಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇನ್ನೂ ಸ್ಪಷ್ಟವಾದ ಅಳತೆಯನ್ನು ಕೊಟ್ಟಿತು. ಒಬ್ಬ ದುಡಿಯುವವನ ಸಂಸಾರವೆಂದರೆ ಮೂರು ಆಹಾರ ಘಟಕಗಳು. ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ವಸತಿ ಯೋಜನೆಯ ದರದಲ್ಲಿ ಮನೆ ಬಾಡಿಗೆ. ಸೌದೆ, ದೀಪ ಮತ್ತಿತರ ವೆಚ್ಚಕ್ಕೆ ಒಟ್ಟು ಕೂಲಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗ. ಆಹಾರದ ಲೆಕ್ಕವನ್ನು ಹಾಕಿಕೊಟ್ಟವರು ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾ. ಅಕ್ರಾಯ್ಡ್. ಹೆಂಡತಿ ಮಕ್ಕಳ ಗಳಿಕೆಯನ್ನು ಈ ಲೆಕ್ಕಕ್ಕೆ ಸೇರಿಸಕೂಡದೆಂದೂ ಸಮ್ಮೇಳನ ಹೇಳಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಓದು, ಔಷಧ, ಹಬ್ಬಹರಿದಿನ, ಮದುವೆ, ಮುಪ್ಪು ಇವುಗಳಿಗಾಗಿ ನೂರಕ್ಕೆ ಇಪ್ಪತ್ತೈದರಷ್ಟನ್ನು ಇದಕ್ಕೆ ಕೂಡಿಸಿತು. ಹಬ್ಬವೂ ಕನಿಷ್ಠದ ಒಳಗೆ ಬಂದದ್ದು ಸಣ್ಣ ಮಾತಲ್ಲ. ಬಡವನೂ ವರ್ಷಕ್ಕೊಂದು ದಿನ ಹೋಳಿಗೆ ತಿನ್ನುವ ಮನುಷ್ಯನೆಂಬುದನ್ನು ನ್ಯಾಯಾಲಯ ಒಪ್ಪಿದಂತಾಯಿತು.

ಕೊಡುವ ಶಕ್ತಿ ನಮಗಿಲ್ಲವೆಂದು ಮಾಲೀಕರು ಹೇಳಿದರೆ? ಕೇರಳದ ಹೆಂಚಿನ ಕಾರ್ಖಾನೆಗಳವರು ಈ ವಾದವನ್ನೇ ಹೂಡಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1961ರಲ್ಲಿ ಬಂದ ತೀರ್ಪು ಅದನ್ನು ಒಪ್ಪಲಿಲ್ಲ: ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವಾಗ ಮಾಲೀಕನ ಶಕ್ತಿಯನ್ನು ನೋಡಬೇಕಾಗಿಲ್ಲ, ಅಷ್ಟನ್ನೂ ಕೊಡಲಾರದ ಉದ್ಯಮಕ್ಕೆ ನಡೆಯುವ ಹಕ್ಕಿಲ್ಲ. 1982ರ ದಿಲ್ಲಿ ಏಷ್ಯಾ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಜಮಾದಾರರು ಆಳೊಬ್ಬನ ದಿನಗೂಲಿಯಲ್ಲಿ ಒಂದೊಂದು ರೂಪಾಯಿಯನ್ನು ಮುರಿದುಕೊಳ್ಳುತ್ತಿದ್ದರು. ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ಯಾರಾದರೂ ದುಡಿಯುತ್ತಿದ್ದಾರೆಂದರೆ ಹಸಿವು ಅವರನ್ನು ಬಲವಂತಪಡಿಸಿದೆ ಎಂದೇ ಅರ್ಥ. ಆದ್ದರಿಂದ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪು ಸಾರಿತು. 1983ರಲ್ಲಿ ರಾಜಸ್ಥಾನದ ಬರಗಾಲದ ಕಾಮಗಾರಿಗೂ ಇದೇ ನ್ಯಾಯ ಅನ್ವಯವಾಯಿತು. ಪರಿಹಾರವೆಂದು ಹೆಸರಿಟ್ಟ ಮಾತ್ರಕ್ಕೆ ಕೂಲಿಯನ್ನು ಕಡಿಯಲಾಗದು ಎಂದಿತು ನ್ಯಾಯಾಲಯ. ಜೋಳದ ಪಾಳಿ ಇಲ್ಲಿ ದಿಕ್ಕು ಬದಲಿಸಿತು. ಋಣಿ ಯಾರೆಂಬ ಪ್ರಶ್ನೆಗೆ ‘ದುಡಿಸಿಕೊಂಡವನು’ ಎಂಬ ಉತ್ತರ ದೊರೆಯಿತು.

ಇಷ್ಟೆಲ್ಲ ಆದಮೇಲೆ ಬಡತನ ಹಿಂದೆ ಸರಿಯಿತೆ? ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಎರಡು ಉದಾಹರಣೆಗಳನ್ನು ಕೊಡುತ್ತೇನೆ; ಎರಡೂ ನಮ್ಮ ನೆರೆಯ ರಾಜ್ಯಗಳವು, ಒಂದಕ್ಕೆ ನಮ್ಮ ಕರಾವಳಿಯ ನಂಟೂ ಉಂಟು.

ಮೊದಲನೆಯದು ಕಣ್ಣೂರಿನದು. ಬೀಡಿ ಕಾರ್ಮಿಕರ ಕೆಲಸದ ನಿಯಮಗಳನ್ನು ಗೊತ್ತುಪಡಿಸುವ ಕಾಯಿದೆ 1966ರಲ್ಲಿ ಬಂದಿತು. ಕೇರಳ ಸರ್ಕಾರ 1968ರಲ್ಲಿ ಅದನ್ನು ಜಾರಿಗೊಳಿಸಿತು. ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ದೊಡ್ಡ ಮಾಲೀಕರ ಕೇಂದ್ರ ಮಂಗಳೂರು. ಕರ್ನಾಟಕದಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ, ಆ ಕಾಯಿದೆ ಇನ್ನೂ ಜಾರಿಗೆ ಬಂದಿರಲಿಲ್ಲ. 1968ರ ಅಕ್ಟೋಬರ್‌ನಲ್ಲಿ ಅವರು ಕಣ್ಣೂರಿನ ಶಾಲೆಗಳಿಗೆ ಬೀಗ ಹಾಕಿದರು. ಸುಮಾರು ಹನ್ನೆರಡು ಸಾವಿರ ಮಂದಿಯ ಒಲೆ ಆರಿತು. ಕೂಲಿ ಏರಿಸಿದರೆ ಕೆಲಸವೇ ಹೋಗುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಣ್ಣೂರಿನ ಬೀಡಿ ಕಾರ್ಮಿಕರು ಸಾಮಾನ್ಯರಲ್ಲ. ಕೈ ಬೀಡಿ ಸುತ್ತುತ್ತಿರುವಾಗ ಕಿವಿ ಸುಮ್ಮನಿರಬಾರದೆಂದು, ತಮ್ಮಲ್ಲೊಬ್ಬನು ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುವಂತೆ ಮಾಡಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದ ಪದ್ಧತಿ ಅವರದು. ಗಮಕ ಕೇಳಿ ಬೆಳೆದ ನಮಗೆ ಇದರ ಬೆಲೆ ಸುಲಭವಾಗಿ ತಿಳಿಯುತ್ತದೆ. ಹೀಗೆ ಕೇಳಿ ಕಲಿತವರು 1969ರ ಫೆಬ್ರವರಿಯಲ್ಲಿ, ಸರ್ಕಾರದ ನೆರವಿನಿಂದ, ದಿನೇಶ್ ಬೀಡಿ ಎಂಬ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಗೊತ್ತಾದ ಕೂಲಿಯ ಜೊತೆಗೆ ರಜೆ, ಬೋನಸ್ಸು, ಭವಿಷ್ಯನಿಧಿಗಳನ್ನೂ ಕೊಟ್ಟು ಆ ಸಂಘ ಬೆಳೆಯಿತು. ಉಚ್ಛ್ರಾಯದ ಕಾಲದಲ್ಲಿ ನಲವತ್ತು ಸಾವಿರದಷ್ಟು ಮಂದಿಗೆ ಕೆಲಸ ಕೊಟ್ಟಿತ್ತು. ಬೀಡಿ ಸೇದುವವರು ಕಡಿಮೆಯಾಗುತ್ತ ಬಂದಂತೆ ಅದು ಕೊಡೆ, ತಿಂಡಿ ತಿನಿಸುಗಳ ತಯಾರಿಕೆಗೂ ಕೈಹಾಕಬೇಕಾಯಿತು, ನಿಜ. ಆದರೂ ಕೊಡಲು ಅಸಾಧ್ಯವೆಂದು ಮಾಲೀಕರು ಹೇಳಿದ ಕೂಲಿಯನ್ನು ಕಾರ್ಮಿಕರೇ ಕೊಟ್ಟುಕೊಂಡು ದಶಕಗಳ ಕಾಲ ಬದುಕಿ ತೋರಿಸಿದರು. ಆ 1966ರ ಕಾಯಿದೆಯನ್ನು ಪ್ರಶ್ನಿಸಿದ ಮಾಲೀಕರ ವಾದವನ್ನು ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ತಳ್ಳಿಹಾಕಿತು.

ಎರಡನೆಯದು ಮಹಾರಾಷ್ಟ್ರದ ಉದಾಹರಣೆ. ಕೇಳಿದವರಿಗೆಲ್ಲ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆ ಅಲ್ಲಿ ಎಪ್ಪತ್ತರ ದಶಕದಲ್ಲಿ ಆರಂಭವಾಗಿತ್ತು. 1988ರಲ್ಲಿ ಬೇಸಾಯದ ಕನಿಷ್ಠ ಕೂಲಿ ಸುಮಾರು ಇಮ್ಮಡಿಯಾದಾಗ ಯೋಜನೆಯ ಕೂಲಿಯೂ ಅದರೊಡನೆ ಏರಿತು. ಆದರೆ ಬೊಕ್ಕಸದಿಂದ ಬರುವ ಹಣ ಅದೇ ಪ್ರಮಾಣದಲ್ಲಿ ಏರಲಿಲ್ಲ. ಮಾರ್ಟಿನ್ ರವಾಲಿಯನ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಮೇಲೆ ಕೆಲಸ ಕೇಳಿದವರಿಗೆಲ್ಲ ಕೆಲಸ ಸಿಗದಂತಾಯಿತು. ಕೆಲಸ ಸಿಕ್ಕವನ ತಟ್ಟೆ ತುಂಬಿತು, ಸಿಗದವನ ತಟ್ಟೆ ಬರಿದಾಯಿತು. ಕೂಲಿಯ ಗೆರೆಯನ್ನು ಮೇಲಕ್ಕೆ ಎಳೆಯುವವನು ಅದಕ್ಕೆ ಬೇಕಾದ ಹಣವನ್ನೂ ಎತ್ತಿಡದಿದ್ದರೆ ಗೆರೆಯ ಭಾರ ಕಟ್ಟಕಡೆಯವನ ಮೇಲೆಯೇ ಬೀಳುತ್ತದೆ.

ಇದಕ್ಕೆ ಕೂಲಿಯನ್ನು ತಗ್ಗಿಸುವುದೇ ಮದ್ದೆ? ಹಾಗೆಂದು ತಿಳಿದವರೂ ಇದ್ದರು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕೂಲಿಯನ್ನು ಕೇಂದ್ರ ಸರ್ಕಾರ 2009ರಲ್ಲಿ ದಿನಕ್ಕೆ 100 ರೂಪಾಯಿಗೆ ನಿಲ್ಲಿಸಿತು. ಹಲವು ರಾಜ್ಯಗಳ ಕನಿಷ್ಠ ಕೂಲಿ ಅದನ್ನು ದಾಟಿ ಹೋಯಿತು. 2011ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲವೆಂದು ತೀರ್ಪಿತ್ತಿತು. ಸರ್ಕಾರ ತಾನೇ ಹೊರಡಿಸಿದ ದರವನ್ನು ತಾನೇ ಕೊಡದಿದ್ದರೆ ಹೊಲದ ಒಡೆಯನಿಗೆ ಬುದ್ಧಿ ಹೇಳುವ ನೈತಿಕ ಅಧಿಕಾರ ಅದಕ್ಕೆಲ್ಲಿಂದ ಬರಬೇಕು?

ನಮ್ಮ ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸನ್ನು ನೋಡಿದರೆ ಈ ಕಾಯಿದೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣುತ್ತವೆ. ಸಾವಿರ ಬೀಡಿಗೆ ಇಷ್ಟೆಂದು ದರ ಗೊತ್ತಾಗಿರುತ್ತದೆ. ಆದರೆ ಕೊಟ್ಟ ಎಲೆ ಸಾವಿರಕ್ಕೆ ಸಾಲದಿದ್ದರೆ ಉಳಿದುದನ್ನು ಅವಳೇ ಹಣ ಕೊಟ್ಟು ತರಬೇಕು. ಕಟ್ಟಿದ ಬೀಡಿಗಳಲ್ಲಿ ಸರಿಯಿಲ್ಲವೆಂದು ಆಯ್ದು ತೆಗೆದವಕ್ಕೆ ಕೂಲಿಯಿಲ್ಲ. ಮಾಲೀಕನಿಗೂ ಅವಳಿಗೂ ನಡುವೆ ಗುತ್ತಿಗೆದಾರ. ಎಂಟು ಗಂಟೆಯ ಲೆಕ್ಕ ಅವಳ ಜಗಲಿಗೆ ಬರುವುದಿಲ್ಲ. ಅಡುಗೆಯ ನಡುವೆ, ಮಗುವನ್ನು ತೂಗುವ ನಡುವೆ ಅವಳ ದಿನ ಹಂಚಿಹೋಗುತ್ತದೆ. ಹಿತ್ತಲ ಕುಲುಮೆಯ ಹೆಂಗಸಿಗೂ ಜಗಲಿಯ ಈ ಹೆಂಗಸಿಗೂ ನಡುವೆ ನೂರು ವರ್ಷಗಳೂ ಏಳು ಸಮುದ್ರಗಳೂ ಇವೆ. ಆದರೆ ಕಾಯಿದೆ ಇಬ್ಬರ ಬಾಗಿಲಿಗೂ ಬಂದು ಒಂದೇ ಹೊಸ್ತಿಲಲ್ಲಿ ಎಡವಿದೆ. ಇಷ್ಟಾದರೂ ಆ ದರವೇ ಇಲ್ಲದಿದ್ದರೆ ಅವಳು ಯಾವುದನ್ನು ತೋರಿಸಿ ‘ನನಗೆ ಇಷ್ಟು ಬರಬೇಕು’ ಎಂದು ಕೇಳುತ್ತಿದ್ದಳು?

1948ರ ಕಾಯಿದೆ ಈಗ ಇತಿಹಾಸಕ್ಕೆ ಸೇರಿದೆ. ಅದನ್ನೂ ಇತರ ಕೆಲವು ಕಾಯಿದೆಗಳನ್ನೂ ಒಂದುಗೂಡಿಸಿದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಪಟ್ಟಿಯಲ್ಲಿ ಸೇರಿದ ಕಸಬುಗಳಿಗೆ ಮಾತ್ರವೆಂಬ ಹಳೆಯ ಎಲ್ಲೆ ಹೋಗಿ, ಕನಿಷ್ಠ ಕೂಲಿಯ ಹಕ್ಕು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ರಾಜ್ಯಗಳು ಅದಕ್ಕಿಂತ ಕೆಳಗಿಳಿಯಬಾರದ ತಳಮಟ್ಟವೊಂದನ್ನು ಕೇಂದ್ರ ಗೊತ್ತುಪಡಿಸಬೇಕೆಂಬ ವಿಧಿಯೂ ಅದರಲ್ಲಿದೆ. ತಳಮಟ್ಟ ಎಷ್ಟಿರಬೇಕೆಂಬುದೇ ಈಗ ಮುಖ್ಯ. ಶಾಸನದ ಬಲವಿಲ್ಲದ ಹಿಂದಿನ ರಾಷ್ಟ್ರೀಯ ತಳಮಟ್ಟ 2017ರಲ್ಲಿ ದಿನಕ್ಕೆ 176 ರೂಪಾಯಿಯಾಗಿತ್ತು. 2019ರಲ್ಲಿ ವರದಿ ನೀಡಿದ ಅನೂಪ್ ಸತ್ಪತಿ ಸಮಿತಿ, ಸಂಸಾರವನ್ನು 3.6 ಘಟಕಗಳೆಂದೂ ಆಹಾರವನ್ನು 2,400 ಕ್ಯಾಲೊರಿಯೆಂದೂ ಎಣಿಸಿ 375 ರೂಪಾಯಿ ಬೇಕೆಂದಿತು. ಈ ಎರಡು ಅಂಕಿಗಳ ನಡುವಣ ಅಂತರ ಒಂದು ಮನೆಯಲ್ಲಿ ಬೇಳೆ ಬೇಯುವುದಕ್ಕೂ ಬೇಯದಿರುವುದಕ್ಕೂ ಇರುವ ಅಂತರ.

ನನಗೆ ತೋರುವುದು ಇಷ್ಟು. ಕನಿಷ್ಠ ಕೂಲಿಯ ಶಾಸನ ಬಡತನವನ್ನು ಒಂಟಿಯಾಗಿ ಓಡಿಸಲಾರದು. ಬೆಲೆಗಳೊಡನೆ ದರವೂ ಏರಬೇಕು, ಬೇರೆ ಕೆಲಸವೊಂದು ಹತ್ತಿರದಲ್ಲಿರಬೇಕು, ದುಡಿಯುವವರು ಒಗ್ಗಟ್ಟಾಗಿರಬೇಕು, ತಮ್ಮ ಹಕ್ಕೇನೆಂಬುದನ್ನು ಅವರು ಓದಿ ತಿಳಿದಿರಬೇಕು. ಈ ನಾಲ್ಕೂ ಇದ್ದ ಕಡೆ ಅದು ಫಲಕೊಟ್ಟಿದೆ. ಇಲ್ಲದ ಕಡೆ ಗೆಜೆಟ್ಟಿನಲ್ಲಿ ಮಲಗಿದೆ. ನಮ್ಮ ಭಾಷೆಯಲ್ಲಿ ಕಲ್ಲಿನ ಮೇಲಣ ಬರಹಕ್ಕೂ ‘ಶಾಸನ’ವೆಂದೇ ಹೆಸರು, ನಾಡಿನ ಕಾಯಿದೆಗೂ ‘ಶಾಸನ’ವೆಂದೇ ಹೆಸರು. ಕಲ್ಲಿನ ಶಾಸನವನ್ನು ಓದುವವರಿಲ್ಲದೆ ಹೋದರೆ ಅದು ದನ ಮೈತಿಕ್ಕುವ ಬಂಡೆಯಾಗುತ್ತದೆ. ಕೂಲಿಯ ಶಾಸನದ ಗತಿಯೂ ಅದೇ. ಅದನ್ನು ಓದಿ ಹೇಳುವ ಕೆಲಸ ಅಕ್ಷರ ಬಲ್ಲ ನಮ್ಮೆಲ್ಲರ ಪಾಲಿನದು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ಎಷ್ಟು ಕೊಡುತ್ತಿದ್ದೇವೆಂದು ಲೆಕ್ಕ ನೋಡಿಕೊಳ್ಳುವುದರಿಂದಲೇ ಅದನ್ನು ಆರಂಭಿಸಬಹುದು.